ಹೆಸರು ಹಾಕಿಸಿದ ಮಾಲು



ಗೋವಾದ ಮಾಪುಸಾ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಸ್ಟೀಲ್ ಪಾತ್ರೆ, ಬೆಳ್ಳಿ ಲೋಟದ ಮೇಲೆ ಹೆಸರು ಕೊರೆಯುವುದು, ಮನೆ ಬಾಗಿಲಿಗೆ ನಾಮಫಲಕ ಮಾಡುವುದು, ಸಭೆ ಸಮಾರಂಭಗಳಿಗೆ ಸ್ಮರಣಿಕೆ, ಸಮಾಧಿಗೆ ಅಮೃತಶಿಲೆಯ ಫಲಕ. ಒಟ್ಟಿನಲ್ಲಿ ಇನ್ನೊಬ್ಬರ ಹೆಸರು ಬರೆದು ಹೊಟ್ಟೆ ಹೊರೆಯುವ ಕಸುಬು. ಊರು ನವಲಗುಂದ ತಾಲೂಕು. ಇಲ್ಲಿಗೆ ಬಂದದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸಕ್ಕೆಂದು. ಅಲ್ಲಿ ಮೊದಲು ನನ್ನ ಕೈಗೆ ಕೊಟ್ಟದ್ದು ಹೆಸರು ಕೊರೆಯುವ ಮಶೀನು. ಪೆನ್ನಿನ ಹಾಗೆ ಹಿಡಿಯುವ ಆ ಮಶೀನಿಗೆ ಕರೆಂಟು ಬಂದರೆ ಸಾಕು, ಜೇನುಹುಳದ ಹಾಗೆ ಗುಂಯ್ ಎನ್ನುತ್ತಿತ್ತು. ಅಕ್ಷರಕ್ಕೆ ಇಷ್ಟು ಎಂದು ದರ. ಅದಕ್ಕೇ ಜನ ಹೆಸರನ್ನು ಎಷ್ಟು ಮೊಟಕು ಮಾಡಲು ಸಾಧ್ಯವೋ ಅಷ್ಟು ಮಾಡಿಸುತ್ತಿದ್ದರು. ಮಲ್ಲಿಕಾರ್ಜುನ ಎಂಬ ಹೆಸರು ಎಷ್ಟು ಕೊಡಗಳ ಮೇಲೆ ಬರೀ 'ಮಲ್ಲು' ಆಗಿ ಉಳಿದಿದೆಯೋ ಲೆಕ್ಕವಿಲ್ಲ.

ಪಕ್ಕದ ಪಾತ್ರೆ ಅಂಗಡಿಯವನ ಕೊಡ ಇವತ್ತು ಹೋಗದಿದ್ದರೆ ನಾಳೆ ಹೋಗುತ್ತದೆ. ಎದುರಿನ ಬಟ್ಟೆ ಅಂಗಡಿಯವನಿಗೆ ಸೀರೆ ವಾಪಸ್ ಬಂದರೆ ಮಡಿಸಿ ಮತ್ತೆ ಕಪಾಟಿಗೆ ಇಡುತ್ತಾನೆ. ನನ್ನ ಅಂಗಡಿಯಲ್ಲಿ ತಯಾರಾಗುವ ಮಾಲಿಗೆ ಮಾತ್ರ ಇಡೀ ಜಗತ್ತಿನಲ್ಲಿ ಗಿರಾಕಿ ಒಬ್ಬನೇ. ಅವನು ಬೇಡ ಅಂದನೋ, ಅದು ಗುಜರಿಗೆ ಸೇರಿದ ಹಾಗೆಯೇ. ಹಾಗಾಗಿ ಬೇರೆ ಅಂಗಡಿಗಳಲ್ಲಿ ಐದು ನಿಮಿಷಕ್ಕೆ ಮುಗಿಯುವ ಜಗಳ ನಮ್ಮಲ್ಲಿ ಮುಗಿಯುವುದೇ ಇಲ್ಲ. ಮಾಲು ವಾಪಸ್ ತೆಗೆದುಕೊಂಡರೆ ನನಗೆ ಪೂರ್ತಿ ನಷ್ಟ, ಒಯ್ದರೆ ಅವನಿಗೆ ಜೀವನಪೂರ್ತಿ ಕಣ್ಣಿಗೆ ಚುಚ್ಚುವ ತಪ್ಪು.

ವರ್ಷದಲ್ಲಿ ನನಗೆ ನಿದ್ದೆ ಕಡಿಮೆಯಾಗುವ ವಾರವೊಂದಿದೆ, ಅಕ್ಟೋಬರಿನ ಕೊನೆಯ ವಾರ. ನವೆಂಬರ್ 1 ನಮ್ಮವರಿಗೆ ರಾಜ್ಯೋತ್ಸವ. ಗೋವಾದಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ. ಸ್ಮರಣಿಕೆಗಳ ಆರ್ಡರ್ ಬರುತ್ತದೆ. ನವೆಂಬರ್ 2 ಕ್ರೈಸ್ತರು ತಮ್ಮ ಹಿರಿಯರ ಸಮಾಧಿಗಳಿಗೆ ಹೂವು, ಮೇಣದಬತ್ತಿ ಇಡುವ ದಿನ. ಆ ದಿನದೊಳಗೆ ಹೊಸ ಫಲಕ ಕೂತಿರಬೇಕು. ಹೀಗೆ ನನ್ನ ಮೇಜಿನ ಮೇಲೆ ಒಂದು ಕಡೆ ಭುವನೇಶ್ವರಿ, ಇನ್ನೊಂದು ಕಡೆ ಶಿಲುಬೆ. ಎರಡಕ್ಕೂ ತಪ್ಪಿಸಲಾಗದ ತಾರೀಖು. ಮೂರನೇ ತಾರೀಖಿಗೆ ಕೊಟ್ಟರೆ ಎರಡನ್ನೂ ಕೇಳುವವರಿಲ್ಲ.

ಅಂಥದೊಂದು ವಾರದಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಸಂಘವೊಂದು 42 ಸ್ಮರಣಿಕೆ ಹೇಳಿತ್ತು. ಮೇಲೆ ಕರ್ನಾಟಕದ ನಕ್ಷೆ, ಕೆಳಗೆ ಕನ್ನಡದಲ್ಲಿ ಎರಡು ಸಾಲು. ಅಧ್ಯಕ್ಷರು ವಾಟ್ಸ್‌ಆ್ಯಪ್‌ನಲ್ಲಿ ಸಾಲುಗಳನ್ನು ಅಚ್ಚುಕಟ್ಟಾಗಿ ಬರೆದು ಕಳಿಸಿದ್ದರು. ನಮ್ಮಲ್ಲಿ ಡಿಸೈನ್ ಮಾಡುವ ಹುಡುಗ ಗೋವಾದ ಡಿಚೋಲಿಯವನು, ಕನ್ನಡ ಅವನ ಕಣ್ಣಿಗೆ ಜಿಲೇಬಿ. ಅವನ ಕಂಪ್ಯೂಟರಿನಲ್ಲಿದ್ದ ಹಳೆಯ ಸಾಫ್ಟ್‌ವೇರಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಫೋನಿನಲ್ಲಿ ಸರಿಯಾಗಿ ಕಾಣುವ ಅಕ್ಷರ ಅಲ್ಲಿ ಹಾಕಿದೊಡನೆ ಒಡೆದು ಬೀಳುತ್ತಿತ್ತು. ಒತ್ತು ಕೆಳಗೆ ಕೂರುವ ಬದಲು ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಹೀಗೆ 'ರಾಜ್ಯೋತ್ಸವ' ಹೋಗಿ 'ರಾಜ್‌ಯೋತ್‌ಸವ' ಆಯಿತು. ಹುಡುಗನಿಗೆ ಎರಡೂ ಒಂದೇ. ಅಕ್ಕರೆಯಿಂದ 42 ತುಂಡುಗಳ ಮೇಲೂ ಲೇಸರ್ ಓಡಿಸಿದ. ನಾನು ಆ ರಾತ್ರಿ ಅಂಗಡಿಯಲ್ಲಿ ಇರಲಿಲ್ಲ.

ಅಕ್ಟೋಬರ್ 30ರ ಮಧ್ಯಾಹ್ನ ಅಧ್ಯಕ್ಷರು ಡಬ್ಬ ಬಿಚ್ಚಿದರು. ಒಂದು ಕ್ಷಣ ಮಾತೇ ಇಲ್ಲ. ಆಮೇಲೆ, "ಅಲ್ರೀ, ಕನ್ನಡದವರ ಅಂಗಡಿ ಅಂತ ನಿಮ್ಮ ಕಡೆ ಬಂದ್ರ ಕನ್ನಡದ ಕಾಲು ಮುರಿದು ಕೈಗೆ ಕೊಟ್ರಲ್ರೀ" ಎಂದರು. ನಾನು ಆಗ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಬದಲಿಗೆ ನಮ್ಮ ಕಸುಬಿನವರೆಲ್ಲರ ನಾಲಿಗೆ ತುದಿಯಲ್ಲೇ ಇರುವ ಮಾತು ಹೊರಬಿತ್ತು: "ನೀವು ಕೊಟ್ಟಿದ್ದನ್ನೇ ಹಾಕಿದ್ದು."

ಮುದ್ರಣದಂಗಡಿ, ಟೇಲರ್ ಅಂಗಡಿ, ಬೇಕರಿ, ಅಕ್ಕಸಾಲಿಗನ ಮನೆ, ಎಲ್ಲಿ ಜಗಳ ಹುಟ್ಟಿದರೂ ಈ ವಾಕ್ಯದಿಂದಲೇ ಹುಟ್ಟುತ್ತದೆ ಎಂದು ಈಗ ನನಗೆ ಖಾತ್ರಿಯಾಗಿದೆ. ಎದುರಿಗಿರುವವನು ತನ್ನ ಮಾಲು ಹಾಳಾಯಿತಲ್ಲ ಎಂಬ ಸಂಕಟದಲ್ಲಿರುತ್ತಾನೆ. ನಾವು ಅವನಿಗೆ ತಪ್ಪು ನಿನ್ನದೇ ಎಂದು ತೀರ್ಪು ಕೊಡುತ್ತೇವೆ. ಅದೂ ನೋಡದೆ. ನಾನು ಅವರು ಕಳಿಸಿದ ಸಂದೇಶವನ್ನು ತೆರೆದೇ ನೋಡಿರಲಿಲ್ಲ. ಅವರು ಫೋನ್ ತೆಗೆದು ಮುಖದ ಮುಂದೆ ಹಿಡಿದರು. 'ರಾಜ್ಯೋತ್ಸವ' ಮುತ್ತಿನ ಹಾಗೆ ಕೂತಿತ್ತು.

ಆದರೆ ನನ್ನ ಹುಡುಗನೂ ಸುಮ್ಮನಿರಲಿಲ್ಲ. ಹಿಂದಿನ ರಾತ್ರಿ 11 ಗಂಟೆಗೆ ಡಿಸೈನಿನ ಫೋಟೋ ಕಳಿಸಿದ್ದ. ಅಧ್ಯಕ್ಷರು ಅದಕ್ಕೆ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ್ದರು. ಅದನ್ನು ತೋರಿಸಿದ. ಅಧ್ಯಕ್ಷರು, "ನಿದ್ದಿಗಣ್ಣಾಗ ಒತ್ತೀನಪ್ಪ, ಫೋಟೋ ಬಂತು ಅಂತ ಒತ್ತಿದ್ದು" ಎಂದರು.

ಈ ಹೆಬ್ಬೆರಳಿನ ವಿಚಾರ ಸ್ವಲ್ಪ ಹೇಳಬೇಕು. ಹಿಂದೆ ಸಾಹುಕಾರರು ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಳ್ಳುತ್ತಿದ್ದರು ಎಂದು ನಮ್ಮಜ್ಜ ಹೇಳುತ್ತಿದ್ದ. ಓದು ಬರಹ ಬಂದು ಹೆಬ್ಬೆಟ್ಟಿನಿಂದ ಪಾರಾದೆವು ಅಂದುಕೊಂಡರೆ ಫೋನಿನಲ್ಲಿ ಮತ್ತೆ ಹಾಜರಾಗಿದೆ. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ಅಗಸೆ ಖರೀದಿಯ ಕರಾರಿನ ಫೋಟೋವನ್ನು ರೈತನೊಬ್ಬನ ಫೋನಿಗೆ ಕಳಿಸಿತು. ಆತ ಹೆಬ್ಬೆರಳಿನ ಚಿತ್ರ ಒತ್ತಿದ. ಅಗಸೆ ಕೊಡುವ ಹೊತ್ತಿಗೆ ಬೆಲೆ ಏರಿತ್ತು, ಮಾಲು ಬರಲಿಲ್ಲ. ಕರಾರು ತಲುಪಿತು ಎಂದಷ್ಟೇ ಅದರ ಅರ್ಥ ಎಂದ ರೈತ. 2023ರಲ್ಲಿ ಅಲ್ಲಿನ ನ್ಯಾಯಾಲಯ ಒಪ್ಪಲಿಲ್ಲ. ಹೆಬ್ಬೆರಳು ಸಹಿಗೆ ಸಮ ಎಂದು ಹೇಳಿ ಸುಮಾರು 82,000 ಕೆನಡಾ ಡಾಲರ್ ಕಟ್ಟಿಸಿತು. ಮೇಲ್ಮನವಿಯಲ್ಲೂ ಅದೇ ಉಳಿಯಿತು. ಕಾನೂನು ಬಲ್ಲವರು ಸರಿ ಅನ್ನಬಹುದು. ನನ್ನ ಅಂಗಡಿಯ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ರಾತ್ರಿ 11 ಗಂಟೆಗೆ ಅಂಗೈಯಗಲದ ಪರದೆಯಲ್ಲಿ ಎರಡು ಸಾಲು ನೋಡಿದವನು ಕಾಗುಣಿತ ಓದಿರುವುದಿಲ್ಲ, ಬಣ್ಣ ನೋಡಿರುತ್ತಾನೆ. ಹಾಗೆ ಓದಿಲ್ಲ ಎಂಬುದು ನಮಗೂ ಗೊತ್ತಿರುತ್ತದೆ. ಗೊತ್ತಿದ್ದೂ ಆ ಹೆಬ್ಬೆರಳನ್ನು ಜೋಪಾನ ಮಾಡಿಟ್ಟುಕೊಳ್ಳುವುದು ಸಾಹುಕಾರನ ಬುದ್ಧಿ.

ಅಧ್ಯಕ್ಷರು ಡಬ್ಬ ಬಿಚ್ಚಿದ ದಿನದ ರಾತ್ರಿ ನಾನೇ ಕೂತು ಸಾಲುಗಳನ್ನು ಚಿತ್ರವಾಗಿ ಮಾಡಿಸಿ, ಒಡೆಯದ ಹಾಗೆ ಹಾಕಿಸಿ, 42ನ್ನೂ ಹೊಸದಾಗಿ ಮಾಡಿದೆ. 7,000 ರೂಪಾಯಿ ಮೈಮೇಲೆ ಬಂತು. ಅಧ್ಯಕ್ಷರು ಮಾರನೆಯ ವರ್ಷವೂ ಬಂದರು. ಬಂದವರು ಆರ್ಡರ್ ಕೊಡುವ ಮೊದಲು ಹುಡುಗನ ಕೈಗೆ ಒಂದು ಕನ್ನಡ ಕಾಗುಣಿತದ ಪುಸ್ತಕ ಕೊಟ್ಟರು. ಅವನು ಈಗ ಒತ್ತಕ್ಷರ ಗುರುತಿಸುತ್ತಾನೆ, ಓದಲು ಮಾತ್ರ ಬಾರದು.

ಕೆಲಸ ಗೊತ್ತಿಲ್ಲದೆ ತಪ್ಪುವುದು ಒಂದು ಬಗೆ. ಹೆಸರಿನ ಕಾಗುಣಿತವೇ ಗೊಂದಲವಾಗಿ ತಪ್ಪುವುದು ಇನ್ನೊಂದು ಬಗೆ. ಗೋವಾದಲ್ಲಿ ಹೆಸರುಗಳೇ ಜಾರುವ ನೆಲದ ಮೇಲೆ ನಿಂತಿವೆ. 1510ರಿಂದ 1961ರವರೆಗೆ ಇದ್ದ ಪೋರ್ಚುಗೀಸರು ಇಲ್ಲಿನ ಹೆಸರುಗಳನ್ನು ತಮ್ಮ ಕಿವಿಗೆ ಕೇಳಿದ ಹಾಗೆ, ತಮ್ಮ ಕಾಗುಣಿತದಲ್ಲಿ ಬರೆದರು. ಅವರಿಗೆ 'ಶ' ಉಚ್ಚಾರಕ್ಕೆ ಎಕ್ಸ್ ಅಕ್ಷರ. ಮೂಗಿನ ಸ್ವರಕ್ಕೆ ಕೊನೆಯಲ್ಲಿ ಒಂದು ಎಮ್. ನಮ್ಮ ಕಡೆ ಶೆಣೈ ಎನ್ನಿಸಿಕೊಳ್ಳುವವರು ಇಲ್ಲಿನ ಹಳೇ ಕಾಗದಗಳಲ್ಲಿ ಸಿನಾಯ್, ಕಾಮತರು ಕಾಮೊತಿಂ, ಪ್ರಭುಗಳು ಪೊರೊಬೊ. ಒಂದೇ ಮನೆಯಲ್ಲಿ ಅಪ್ಪನ ಜಮೀನಿನ ಕಾಗದ ಹಳೇ ಕಾಗುಣಿತದಲ್ಲಿ, ಮಗನ ಪಾಸ್‌ಪೋರ್ಟ್ ಹೊಸದರಲ್ಲಿ ಇರುವುದು ಇಲ್ಲಿ ಮಾಮೂಲು. ಹೆಸರು, ಅಡ್ಡಹೆಸರು ಬದಲಿಸಿಕೊಳ್ಳಲೆಂದೇ ಗೋವಾದಲ್ಲಿ 1990ರ ಪ್ರತ್ಯೇಕ ಕಾಯ್ದೆ ಇದೆ. ಕೊಂಕಣಿಯ ಕಥೆಯೂ ಹಾಗೇ: 1987ರ ರಾಜಭಾಷಾ ಕಾಯ್ದೆ ದೇವನಾಗರಿಯಲ್ಲಿ ಬರೆದ ಕೊಂಕಣಿಯನ್ನು ಒಪ್ಪಿತು, ಇಗರ್ಜಿಯಲ್ಲಿ, ತಿಯಾತ್ರ್ ನಾಟಕದ ಪೋಸ್ಟರುಗಳಲ್ಲಿ ರೋಮನ್ ಲಿಪಿ, ನಮ್ಮ ಮಂಗಳೂರಿಗೆ ಹೋದರೆ ಅದೇ ಭಾಷೆ ಕನ್ನಡ ಲಿಪಿಯಲ್ಲಿ. ಇಂಥ ಊರಿನಲ್ಲಿ "ಹೆಸರು ಬರೆ" ಅನ್ನುವುದು ಅರ್ಧ ಆರ್ಡರ್ ಮಾತ್ರ. ಯಾವ ಕಾಗುಣಿತದಲ್ಲಿ ಎಂಬುದು ಉಳಿದರ್ಧ.

ನಾವು ಕನ್ನಡಿಗರು ಈ ಗೊಂದಲಕ್ಕೆ ನಮ್ಮದೂ ಒಂದು ಕಾಣಿಕೆ ಕೊಟ್ಟಿದ್ದೇವೆ. ಮೈಸೂರು, ಬೆಂಗಳೂರು, ಶಿವಮೊಗ್ಗದ ಕಡೆಯವರು 'ತ' ಬರೆಯಲು ಇಂಗ್ಲಿಷಿನ ಟಿ ಜೊತೆಗೆ ಒಂದು ಎಚ್ ಸೇರಿಸುತ್ತಾರೆ. ಗೀತಾ, ಸವಿತಾ, ಲತಾ ಎಲ್ಲರ ಹೆಸರಿನಲ್ಲೂ ಒಂದು ಎಚ್. ಗೋವಾ, ಮಹಾರಾಷ್ಟ್ರದವರಿಗೆ ಬರೀ ಟಿ ಸಾಕು. ಎಚ್ ಕಂಡರೆ ಅವರು 'ಥ' ಎಂದು ಓದುತ್ತಾರೆ. ನಮ್ಮ ಧಾರವಾಡ ಕಡೆಯವರು ಅತ್ತಲೂ ಹೌದು, ಇತ್ತಲೂ ಹೌದು. ಪರ್ವರಿಯಲ್ಲಿ ಹೊಸ ಫ್ಲ್ಯಾಟ್ ಕೊಂಡ ಶಿವಮೊಗ್ಗದ ದಂಪತಿ ಹಿತ್ತಾಳೆಯ ನಾಮಫಲಕಕ್ಕೆ ಹೇಳಿದ್ದರು. ಹೆಂಡತಿಯ ಹೆಸರು ಗೀತಾ. ಆ್ಯಸಿಡ್‌ನಲ್ಲಿ ಕೊರೆಯುವ ನಮ್ಮ ಕೆಲಸಗಾರ ಚೀಟಿಯಲ್ಲಿದ್ದ ಎಚ್ ನೋಡಿ, ಪಾಪ ಇವರಿಗೆ ಕಾಗುಣಿತ ಬಾರದು ಎಂದುಕೊಂಡು ಅದನ್ನು ತೆಗೆದ. ಅವನ ಪ್ರಕಾರ ಅವನು ಉಪಕಾರ ಮಾಡಿದ್ದ.

ಗಂಡ ಫಲಕ ನೋಡಿ, ಪರವಾಗಿಲ್ಲ ಬಿಡಿ, ಹೀಗೂ ಚೆನ್ನಾಗಿದೆ, ದುಡ್ಡಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಸಾಕು ಎಂದರು. ನನಗೆ ನೆಮ್ಮದಿ. ಹೆಂಡತಿ ಫಲಕವನ್ನು ಮೇಜಿನ ಮೇಲಿಟ್ಟು ಮೆಲ್ಲಗೆ, "ನಿಮ್ಮ ಹೆಸರಿನಲ್ಲಿ ಒಂದು ಅಕ್ಷರ ಹೋಗಿದ್ದರೆ ಕಡಿಮೆ ಮಾಡಿ ಅಂತಿದ್ರಾ? ಒಂದನೇ ಕ್ಲಾಸಿನಿಂದ ಹೊತ್ಕೊಂಡು ಬಂದ ಎಚ್ ರೀ ಅದು" ಎಂದರು. ನನ್ನನ್ನು ಕೇಳಿದ್ದಲ್ಲ, ಗಂಡನನ್ನು ಕೇಳಿದ್ದು. ಆದರೂ ಉತ್ತರ ಕೊಡಬೇಕಾದವನು ನಾನೇ ಆಗಿದ್ದೆ. ತಪ್ಪಿಗೆ ರಿಯಾಯಿತಿ ಕೊಡುವುದು ಎಷ್ಟೋ ಸಲ ಅಂಗಡಿಯವನು ತನ್ನ ಕೆಲಸ ತಪ್ಪಿಸಿಕೊಳ್ಳುವ ದಾರಿ. ನೂರು ರೂಪಾಯಿ ಬಿಟ್ಟರೆ ಫಲಕದ ಮೇಲೆ ಎಚ್ ಬಂದು ಕೂರುವುದಿಲ್ಲ. ಹೊಸದು ಮಾಡಿದೆವು. ಕೆಲಸಗಾರನಿಗೂ ಅಂದಿನಿಂದ ಒಂದೇ ಮಾತು: ಚೀಟಿಯಲ್ಲಿ ತಪ್ಪು ಕಂಡರೆ ಫೋನ್ ಮಾಡು, ತಿದ್ದಬೇಡ.

ತಿದ್ದಲಾಗದ ಹಾಗೆ ಹೆಸರು ಬರೆಯುವವರು ನಾವಷ್ಟೇ ಅಲ್ಲ. ನೀವು ಪಣಜಿಗೆ ಬಂದು ಫೊಂತೈನ್ಹಾಸ್ ಓಣಿಗಳಲ್ಲಿ ಓಡಾಡಿದ್ದರೆ ಮನೆಗಳ ಗೋಡೆಯ ಮೇಲೆ ನೀಲಿ ಬಿಳಿ ಹೆಂಚಿನ ನಾಮಫಲಕಗಳನ್ನು ನೋಡಿರುತ್ತೀರಿ. ಅಝುಲೇಜು ಎನ್ನುತ್ತಾರೆ. ಅರಬ್ಬಿಯಲ್ಲಿ ನುಣುಪಾದ ಕಲ್ಲು ಎಂಬರ್ಥದ ಮಾತು ಪೋರ್ಚುಗೀಸಿಗೆ ಹೋಗಿ ಹೀಗಾಯಿತು. ಪಣಜಿಯ ಮೆನೆಝೆಸ್ ಬ್ರಗಾಂಝಾ ಸಂಸ್ಥೆಯ ಪ್ರವೇಶದ ಗೋಡೆಗಳ ಮೇಲೆ, ಪೋರ್ಚುಗೀಸ್ ಮಹಾಕವಿ ಕಮೋಯೆನ್ಸನ 'ಲೂಸಿಯಾಡ್ಸ್' ಕಾವ್ಯದ ದೃಶ್ಯಗಳನ್ನು ಜೊರ್ಜ್ ಕೊಲಾಸೊ ಎಂಬ ಕಲಾವಿದ 1935ರಲ್ಲಿ ಇಂಥ ಹೆಂಚುಗಳಲ್ಲಿ ಬಿಡಿಸಿದ್ದಾನೆ. ಈಚಿನ ದಶಕಗಳಲ್ಲಿ ಓರ್ಲಾಂದೊ ನೊರೊನ್ಹಾ ಪೋರ್ಚುಗಲ್ಲಿಗೆ ಹೋಗಿ ಈ ವಿದ್ಯೆ ಕಲಿತು ಬಂದು ಪಣಜಿಯಲ್ಲಿ ಮತ್ತೆ ಜೀವ ಕೊಟ್ಟರು. ಇವತ್ತು ಗೋವಾದಲ್ಲಿ ಹೊಸ ಮನೆ ಕಟ್ಟಿದವರಿಗೆ ಹೆಂಚಿನ ಮೇಲೆ ಹೆಸರು ಬರೆಸುವ ಆಸೆ ಇದ್ದೇ ಇರುತ್ತದೆ.

ನನಗೆ ಆ ಕೆಲಸ ಬರುವುದಿಲ್ಲ, ಆದರೆ ನೋಡುತ್ತ ನಿಲ್ಲುವುದೆಂದರೆ ಇಷ್ಟ. ಹಳೆಯ ಪದ್ಧತಿಯಲ್ಲಿ ಒಮ್ಮೆ ಸುಟ್ಟ ಹೆಂಚಿನ ಮೇಲೆ ಬಿಳಿ ಮೆರುಗಿನ ದ್ರಾವಣ ಬಳಿಯುತ್ತಾರೆ. ಒಣಗಿದಾಗ ಅದು ರಂಗೋಲಿ ಹಿಟ್ಟಿನಂತೆ ಪುಡಿಪುಡಿ. ಅದರ ಮೇಲೆ ಕುಂಚ ಇಟ್ಟೊಡನೆ ಬಣ್ಣವನ್ನು ಹೀರಿಕೊಂಡುಬಿಡುತ್ತದೆ, ಒರೆಸುವಂತಿಲ್ಲ, ತಿದ್ದುವಂತಿಲ್ಲ. ಅದಕ್ಕೇ ಮೊದಲು ಅಕ್ಷರಗಳನ್ನು ಕಾಗದದ ಮೇಲೆ ಬರೆದು, ಗೆರೆಗುಂಟ ಸೂಜಿಯಿಂದ ತೂತು ಹಾಕಿ, ಹೆಂಚಿನ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ಮೆತ್ತಗೆ ತಟ್ಟುತ್ತಾರೆ. ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ತೂತಿನ ತಗಡು ಇಟ್ಟು ರಂಗೋಲಿ ಉದುರಿಸುವುದಿಲ್ಲವೇ, ಅದೇ ಯುಕ್ತಿ. ಹೆಸರು ಕಪ್ಪು ಚುಕ್ಕೆಗಳಲ್ಲಿ ಮೂಡುತ್ತದೆ. ಭಟ್ಟಿಗೆ ಹೋದ ಮೇಲೆ ಇದ್ದಿಲು ಸುಟ್ಟು ಹೋಗುತ್ತದೆ, ಬಣ್ಣ ಮಾತ್ರ ಗಾಜಾಗಿ ಉಳಿಯುತ್ತದೆ.

ಗಿರಾಕಿ ಬಂದು ನೋಡಬೇಕಾದದ್ದು ಆ ಇದ್ದಿಲ ಚುಕ್ಕೆಗಳನ್ನು. ಕಾಗದದಲ್ಲಿ ನೋಡಿದ್ದು ಬೇರೆ, ಮಾಲಿನ ಮೇಲೆಯೇ ನೋಡುವುದು ಬೇರೆ. ಈ ಉಪಾಯವನ್ನು ನಾನು ಹೆಂಚು ಬರೆಯುವವರಿಂದ ಕದ್ದೆ. ಈಗ ಕೊರೆಯುವ ಮೊದಲು ಹಿತ್ತಾಳೆಯ ಮೇಲೆ, ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದು ಗಿರಾಕಿಯನ್ನೇ ಕರೆಸುತ್ತೇನೆ. "ನೋಡಿ" ಅನ್ನುವುದಿಲ್ಲ, "ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ" ಅನ್ನುತ್ತೇನೆ. ಕೆಲವರಿಗೆ ನಾಚಿಕೆ, ಕೆಲವರಿಗೆ ಸಿಟ್ಟು. "ನನ್ನ ಹೆಸರು ನನಗೆ ಗೊತ್ತಿಲ್ಲವೇನ್ರಿ" ಅನ್ನುತ್ತಾರೆ. ಗೊತ್ತಿರುವುದರಿಂದಲೇ ಕಷ್ಟ. ಗೊತ್ತಿರುವ ಹೆಸರನ್ನು ಕಣ್ಣು ಓದುವುದಿಲ್ಲ, ಇದೆ ಎಂದುಕೊಂಡು ಮುಂದೆ ಹೋಗುತ್ತದೆ. ಬಾಯಿ ಬಿಟ್ಟು ಓದಿದರೆ ಮಾತ್ರ ಬಿಟ್ಟುಹೋದ ದೀರ್ಘ ಸಿಕ್ಕಿಬೀಳುತ್ತದೆ.

ಕಾನೂನು ಏನೆನ್ನುತ್ತದೆ ಎಂದು ಕೇಳುವವರಿರುತ್ತಾರೆ. ನಮ್ಮ ಬಿಲ್ ಪುಸ್ತಕಗಳ ಕೆಳಗೆ 'ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂಬ ಸಾಲು ಅಚ್ಚಾಗಿಯೇ ಬರುತ್ತಿತ್ತು. ಪ್ರೆಸ್ಸಿನವರು ಕೇಳದೆಯೇ ಹಾಕುತ್ತಿದ್ದರು. ದೋಷವಿರುವ ಮಾಲಿನ ವಿಚಾರದಲ್ಲಿ ಆ ಸಾಲಿಗೆ ಬೆಲೆಯಿಲ್ಲ. 1986ರ ಕಾಯ್ದೆಯ ಜಾಗದಲ್ಲಿ ಬಂದು 2020ರ ಜುಲೈನಲ್ಲಿ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವುಳ್ಳ ಮಾಲನ್ನು ಹಿಂದಕ್ಕೆ ತೆಗೆದುಕೊಂಡು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳಿರದಿದ್ದರೆ 30 ದಿನದೊಳಗೆ ಹಣ ಕೊಡಲು ಒಪ್ಪದಿರುವುದೇ ಅನುಚಿತ ವ್ಯಾಪಾರ. ಹೆಸರು ಹಾಕಿಸಿದ ಮಾಲು ಎಂಬ ಕಾರಣಕ್ಕೆ ಇದರಿಂದ ವಿನಾಯಿತಿ ಇಲ್ಲ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಮಾಲನ್ನು 14 ದಿನದೊಳಗೆ ಕಾರಣ ಹೇಳದೆ ಹಿಂತಿರುಗಿಸಬಹುದು. ಗಿರಾಕಿಗೆಂದೇ ಮಾಡಿಕೊಟ್ಟ ಮಾಲಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ಮನಸ್ಸು ಬದಲಾಯಿತು ಎಂದು ಅಲ್ಲಿ ಯಾರೂ ಹೆಸರಿನ ಫಲಕ ವಾಪಸ್ ತರುವಂತಿಲ್ಲ. ಆದರೆ ಅಲ್ಲಿಯೂ ತಪ್ಪಾಗಿ ಮಾಡಿಕೊಟ್ಟಿದ್ದರೆ ಮಾತು ಬೇರೆ. ಮನಸ್ಸು ಬದಲಾದದ್ದಕ್ಕೂ ಅಕ್ಷರ ತಪ್ಪಿದ್ದಕ್ಕೂ ಇರುವ ಈ ವ್ಯತ್ಯಾಸ ನಮ್ಮ ಎಷ್ಟೋ ಅಂಗಡಿಕಾರರಿಗೆ ಗೊತ್ತಿಲ್ಲ. ಗೊತ್ತಿದ್ದವರು ಗೊತ್ತಿಲ್ಲದ ಹಾಗೆ ಇರುತ್ತಾರೆ.

ದೂರು ಕೊಡುವುದು ಈಗ ಕಷ್ಟವಲ್ಲ. 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ, ತಾವಿರುವ ಊರಿನ ಆಯೋಗದಲ್ಲೇ ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. 2025ರಲ್ಲಿ ಅಹಮದಾಬಾದಿನ ಆಯೋಗ, ಮದುವೆಗೆ ಬೇಕಿದ್ದ ರವಿಕೆಯನ್ನು ಹೊತ್ತಿಗೆ ಸರಿಯಾಗಿ ಹೊಲಿದುಕೊಡದ ಟೇಲರ್ ಮುಂಗಡದ 4,395 ರೂಪಾಯಿಯನ್ನು ಬಡ್ಡಿ ಸಮೇತ ಹಿಂತಿರುಗಿಸಿ, ಮೇಲೆ 7,000 ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಆ ಹೊತ್ತಿಗೆ ಮದುವೆ ಮುಗಿದು ತಿಂಗಳುಗಳೇ ಆಗಿದ್ದವು. ಆಯೋಗ ಹಣ ಕೊಡಿಸಬಲ್ಲದು, ಮುಹೂರ್ತ ಕೊಡಿಸಲಾರದು. ಅದಕ್ಕೇ ನಮ್ಮ ಕಸುಬಿನಲ್ಲಿ ತಪ್ಪು ಯಾರದು ಎಂಬ ಮಾತು ಆಮೇಲೆ, ಮೊದಲು ಕೇಳಬೇಕಾದದ್ದು, "ನಿಮಗೆ ಯಾವಾಗ ಬೇಕು?"

ತಪ್ಪು ಯಾರದು ಎಂದು ಹುಡುಕಲೇಬಾರದ ಸಂದರ್ಭವೂ ಒಂದು ಬಂದಿತ್ತು. ಬಹಳ ವರ್ಷವಾದದ್ದರಿಂದ ಈಗ ಹೇಳಿದರೆ ತೊಂದರೆಯಿಲ್ಲ. ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಒಬ್ಬ ಅಜ್ಜಿ ಬೆಳ್ಳಿ ಲೋಟ ಕೊಂಡು, ಸೊಸೆಯನ್ನು ಕಳಿಸಿ ಹೆಸರು ಹಾಕಿಸಿದ್ದರು. ಎರಡು ದಿನ ಬಿಟ್ಟು ಅಜ್ಜಿ ಲೋಟ ಹಿಡಿದು ಬಂದರು, ಹಿಂದೆ ಸೊಸೆ.

"ಶಾಂತಾ ಅಂತ ಬರೀ ಅಂದ್ರ ಇದೇನೋ ಶಾನ್ವಿ ಅಂತ ಬರದೀಯಲ್ಲೋ ತಮ್ಮಾ. ಶಾಂತಾ ನಮ್ಮ ಅತ್ತಿ ಹೆಸರು. ಕಣ್ಣು ಕಾಣಂಗಿಲ್ಲೇನ್ ನಿನಗ?"

ಆರ್ಡರ್ ಚೀಟಿಗಳನ್ನು ನಾನು ವರ್ಷಗಟ್ಟಲೆ ಇಟ್ಟಿರುತ್ತೇನೆ. ಡ್ರಾಯರ್ ಎಳೆದೆ. ಚೀಟಿ ಮೇಲೇ ಇತ್ತು. ಗುಂಡಗಿನ ಅಕ್ಷರದಲ್ಲಿ 'ಶಾನ್ವಿ' ಎಂದು ಬರೆದಿತ್ತು, ಕೆಳಗೆ ಒಂದು ಗೆರೆ ಬೇರೆ. ತಲೆಯೆತ್ತಿದೆ. ಅಜ್ಜಿಯ ಭುಜದ ಹಿಂದಿನಿಂದ ಸೊಸೆ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆ ಆಡಿಸಲಿಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಸುಮ್ಮನೆ ನೋಡುತ್ತಿದ್ದಳು. ನಾನು ಡ್ರಾಯರ್ ಒಳಗೆ ತಳ್ಳಿದೆ.

"ತಪ್ಪಾಗೇದ ಬಿಡ್ರಿ ಅಮ್ಮಾ. ಗದ್ದಲದಾಗ ಇನ್ನೊಬ್ಬರ ಹೆಸರು ಬಿದ್ದದ."

ಬೆಳ್ಳಿಯ ಮೇಲೆ ನಾವು ಕೊರೆಯುವುದು ತೆಳ್ಳಗೆ. ಬಫ್ ಮಾಡಿ ಅಳಿಸಬಹುದು. ಅಳಿಸುತ್ತೇನೆ ಎಂದೆ. ಆಗ ಸೊಸೆ ಮೊದಲ ಸಲ ಬಾಯಿ ಬಿಟ್ಟಳು. "ತಿಕ್ಕಿದ್ರ ಬೆಳ್ಳಿ ಸವೀತದ ಅತ್ತೀ. ಈ ಕಡೆ ಅದು ಇರಲಿ, ಆ ಕಡೆ ಶಾಂತಾ ಅಂತ ಬರೀಲಿ." ಬೆಳ್ಳಿ ಸವೆಯುತ್ತದೆ ಅಂದದ್ದು ಅಜ್ಜಿಗೆ ನಾಟಿತು. ಇನ್ನೊಂದು ಬದಿಗೆ 'ಶಾಂತಾ' ಎಂದು ಬರೆದುಕೊಟ್ಟೆ, ಕೂಲಿ ತೆಗೆದುಕೊಳ್ಳಲಿಲ್ಲ. ಆ ಮಗು ಯಾವ ಬದಿಯಿಂದ ಹಾಲು ಕುಡಿದು ಬೆಳೆಯಿತೋ ನಾನು ಕಾಣೆ. ಆದರೆ ಆ ಸೊಸೆ ಆಮೇಲೆ ಮನೆಯ ಸಣ್ಣಪುಟ್ಟ ಹೆಸರಿನ ಕೆಲಸಕ್ಕೆಲ್ಲ ನಮ್ಮಲ್ಲಿಗೇ ಬಂದಳು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಅದೂ ಅಕ್ಟೋಬರ್ ಕೊನೆಯ ವಾರದ್ದೇ.

ಎಂಬತ್ತು ದಾಟಿದ ಗೋವಾದ ಕ್ರೈಸ್ತ ಮುದುಕಿಯೊಬ್ಬರು ಗಂಡನ ಸಮಾಧಿಗೆ ಫಲಕ ಹೇಳಿದ್ದರು. ಪೋರ್ಚುಗೀಸರ ಕಾಲದಲ್ಲಿ ಶಾಲೆ ಕಲಿತವರು. ಗಂಡ ಆ ಕಾಲದ ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರಂತೆ. ಹೆಸರು, ಹುಟ್ಟಿದ ದಿನ, ತೀರಿದ ದಿನ ಎಲ್ಲವನ್ನೂ ತಾವೇ ಒಂದು ಹಾಳೆಯಲ್ಲಿ ಬರೆದು ತಂದಿದ್ದರು. ಆಗಿನ್ನೂ ನಾನು ಪೆನ್ಸಿಲಿನಲ್ಲಿ ಬರೆದು ತೋರಿಸುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಕಲ್ಲು ಕೆತ್ತುವವನು ಬಾದಾಮಿ ಕಡೆಯವ, ಕೈ ಎಂದರೆ ಬಂಗಾರ. ಹಾಳೆ ನೋಡಿಕೊಂಡು ಎರಡು ದಿನದಲ್ಲಿ ಕೆತ್ತಿ ಮುಗಿಸಿದ.

ಅವರು ಬಂದು ಕನ್ನಡಕ ಹಾಕಿಕೊಂಡು ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತ ಹೋದರು. ತೀರಿದ ದಿನದ ಮೇಲೆ ಬೆರಳು ನಿಂತಿತು.

"ಪುತಾ, ಅವರು ತೀರಿಕೊಂಡದ್ದು 11ಕ್ಕೆ. ನೀವು 17 ಮಾಡಿದ್ದೀರಿ."

ಕೆತ್ತುವವನಿಗೆ ರೋಷ. "ಸಾವ್ಕಾರ್ರ, ಹಾಳಿ ತೆಗೀರಿ, ನೋಡೋಣ" ಎಂದ. ತೆಗೆದೆ. ಮೂವರೂ ಬಗ್ಗಿ ನೋಡಿದೆವು. ಪೋರ್ಚುಗೀಸ್ ಶಾಲೆಯಲ್ಲಿ ಒಂದನ್ನು ಬರೆಯುವಾಗ ತಲೆಯಿಂದ ಎಡಕ್ಕೆ ಉದ್ದನೆಯ ಬಾಲ ಎಳೆಯುವುದು ಕಲಿಸುತ್ತಿದ್ದರು. ಏಳಕ್ಕೆ ನಡುವೆ ಅಡ್ಡ ಗೆರೆ, ಎರಡೂ ಬೇರೆ ಎಂದು ತಿಳಿಯಲಿ ಅಂತ. ಅವರ ಹಾಳೆಯಲ್ಲಿ ಮೊದಲ ಒಂದರ ಬಾಲ ಗಿಡ್ಡ, ಎರಡನೆಯದರ ಬಾಲ ಉದ್ದ. ಅಡ್ಡ ಗೆರೆ ಇಲ್ಲ. ಅವರ ಕಣ್ಣಿಗೆ ಅದು ಸ್ಪಷ್ಟವಾಗಿ ಒಂದು. ಬಾದಾಮಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವನಿಗೆ ಸ್ಪಷ್ಟವಾಗಿ ಏಳು. ಮುದುಕಿ ಅವನಿಗೆ ತನ್ನ ಏಳು ಬರೆದು ತೋರಿಸಿದರು. ಅವನು ಅವರಿಗೆ ತನ್ನ ಒಂದು ಬರೆದು ತೋರಿಸಿದ. ಇಬ್ಬರೂ ಮಕ್ಕಳ ಹಾಗೆ ಸ್ವಲ್ಪ ಹೊತ್ತು ಅಂಕಿ ಬರೆದರು. ಯಾರ ತಪ್ಪು ಅನ್ನೋಣ?

ಅಮೃತಶಿಲೆಯಲ್ಲಿ ಆಳಕ್ಕೆ ಹೋದ ಗೆರೆ ಅಳಿಸಲು ಬರುವುದಿಲ್ಲ. ಕಲ್ಲಿನ ಪುಡಿ, ಅಂಟು ಸೇರಿಸಿ ತುಂಬಬಹುದು, ಎರಡು ಮಳೆಗಾಲಕ್ಕೆ ಅದರ ಬಣ್ಣ ಬೇರೆಯಾಗಿ ಕಾಣುತ್ತದೆ. ಹೊಸ ಕಲ್ಲು ತರಿಸಲು ನವೆಂಬರ್ 2ಕ್ಕೆ ಉಳಿದದ್ದು ಮೂರೇ ದಿನ. ಕೆತ್ತುವವನು ಫಲಕವನ್ನು ಎತ್ತಿ ಹಿಂಬದಿ ತಿರುಗಿಸಿ ಕೈಯಾಡಿಸಿದ. ಒರಟಾಗಿತ್ತು, ಆದರೆ ಕಲ್ಲು ದಪ್ಪವಿತ್ತು, ಬಿರುಕಿರಲಿಲ್ಲ. "ಈ ಮೈ ಪಾಲಿಶ್ ಮಾಡಿದ್ರ ಇಲ್ಲೇ ಕೆತ್ತಬಹುದ್ರಿ" ಎಂದ. ಸಮಾಧಿಯ ಮೇಲೆ ಅಂಗಾತ ಮಲಗಿಸುವ ಫಲಕ. ತಪ್ಪಾದ ಬದಿ ಕೆಳಗೆ ಹೋಗುತ್ತದೆ. ಆದರೆ ಗಂಡನ ಸಮಾಧಿಯಲ್ಲಿ ತಪ್ಪು ತಾರೀಖನ್ನು ಕೆಳಮುಖ ಮಾಡಿ ಇಡೋಣವೇ ಎಂದು ಎಂಬತ್ತು ವರ್ಷದವರನ್ನು ಕೇಳುವುದು ಹೇಗೆ? ನಾನು ತಡವರಿಸುತ್ತ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇರಲಿ ಬಿಡು. ಜೀವನವೆಲ್ಲ ಇನ್ನೊಬ್ಬರ ಕಾಗದದ ತಾರೀಖು ತಿದ್ದಿದ ಮನುಷ್ಯ. ಮಲಗಿಕೊಂಡು ಓದಿ ತಿದ್ದಿಕೊಳ್ಳುತ್ತಾರೆ."

ಪಾಲಿಶ್ ಕೂಲಿ 900 ರೂಪಾಯಿ ಆಗುತ್ತಿತ್ತು. ಕೆತ್ತನೆ ನಮ್ಮದು, ಪಾಲಿಶ್‌ನಲ್ಲಿ ಅರ್ಧ ನಿಮ್ಮದು ಎಂದೆ. ಸರಿ ಎಂದು 450 ಎಣಿಸಿ ಕೊಟ್ಟು ರಸೀದಿ ಕೇಳಿದರು. ನಾನು ಬರೆಯತೊಡಗಿದಾಗ ಕೈ ಅಡ್ಡ ಹಿಡಿದು, ತಾರೀಖನ್ನು ಅಂಕಿಯಲ್ಲಿ ಬೇಡ, ಅಕ್ಷರದಲ್ಲಿ ಬರೆ ಎಂದರು.